ಒಪ್ಪಿಗೆಗೆ ಆರು ವರ್ಷ: ಅರಮನೆ ಪ್ರಣಯಕ್ಕೆ ‘ಗೆಂಜಿ’ಯೇ ಯಾಕೆ, ಯಾವ ಅನುವಾದ ಕೊಳ್ಳಬೇಕು

ಸೋದರಮಾವನ ಮಗಳನ್ನು ಅಳಿಯ ಕೇಳಿದರೆ ನಮ್ಮ ಕಡೆ ಅದು ಸುದ್ದಿಯೇ ಅಲ್ಲ. ಹಿಂದಿನವರ ಕಾಲದಲ್ಲಾದರೆ ಕೇಳದೇ ಹೋದರೆ ಮಾವನಿಗೆ ಸಿಟ್ಟು ಬರುತ್ತಿತ್ತು. ಆದರೆ ಸಾವಿರ ವರ್ಷದ ಹಿಂದಿನ ಜಪಾನಿನ ರಾಜಧಾನಿಯಲ್ಲಿ, ಅಂದರೆ ಇಂದಿನ ಕ್ಯೋಟೊದಲ್ಲಿ, ಇದೇ ಸಂಬಂಧ ಕೂಡಿಬರಲು ಆರು ವರ್ಷ ಹಿಡಿಯುತ್ತದೆ. ಮಾವ ಕೆಟ್ಟವನಲ್ಲ, ಹುಡುಗ ದಡ್ಡನಲ್ಲ, ಹುಡುಗಿಗೆ ಬೇರೆ ಮನಸ್ಸೂ ಇಲ್ಲ. ಅಡ್ಡ ನಿಂತದ್ದು ಒಂದು ಅಂಗಿಯ ಬಣ್ಣ.

‘ಗೆಂಜಿಯ ಕಥೆ’ಯ 21ನೇ ಅಧ್ಯಾಯದಲ್ಲಿ ಶುರುವಾಗಿ 33ನೇ ಅಧ್ಯಾಯದಲ್ಲಿ ಮದುವೆಗೆ ಮುಟ್ಟುವ ಯೂಗಿರಿ ಮತ್ತು ಕುಮೊಇ ನೊ ಕಾರಿಯ ಈ ಎಳೆ, ಸಣ್ಣ ಉರಿಯಲ್ಲಿ ಬೇಯುವ ಅರಮನೆ ಪ್ರಣಯ ಹೇಗಿರಬೇಕು ಅನ್ನುವುದಕ್ಕೆ ಒಳ್ಳೆಯ ಮಾದರಿ. ಇಡೀ ಗ್ರಂಥದ ಹೆಸರು ಕೇಳಿಯೇ ಹೆದರುವವರು, ಮೊದಲ ನಾಲ್ಕು ಅಧ್ಯಾಯ ಓದಿ ನಾಯಕನ ಮೇಲೆ ಬೇಸರಪಟ್ಟು ಬಿಟ್ಟವರು, ಇಬ್ಬರಿಗೂ ಈ ಎಳೆಯೇ ಬಾಗಿಲು. ಆದರೆ ಇಂಗ್ಲಿಷಿನಲ್ಲಿ ನಾಲ್ಕು ದೊಡ್ಡ ಅನುವಾದಗಳಿವೆ. ತಪ್ಪಾದದ್ದನ್ನು ಕೊಂಡರೆ ಈ ಕಥೆಯೇ ಪುಸ್ತಕದಲ್ಲಿ ಇರುವುದಿಲ್ಲ. ಆ ವಿಷಯಕ್ಕೆ ಆಮೇಲೆ ಬರೋಣ.

ಬರೆದವರು ಮುರಾಸಾಕಿ ಶಿಕಿಬು. ಅದು ಆಕೆಯ ನಿಜನಾಮವಲ್ಲ, ಅರಮನೆಯಲ್ಲಿ ಕರೆಯುತ್ತಿದ್ದ ಹೆಸರು. ಚಕ್ರವರ್ತಿನಿ ಶೋಶಿಯ ಪರಿವಾರದಲ್ಲಿದ್ದವರು. ಆಕೆಯ ದಿನಚರಿಯ 1008ರ ಬರಹದಲ್ಲಿ ಈ ಕಥೆಯ ಪ್ರಸ್ತಾಪವಿದೆ, ಪ್ರತಿಗಳನ್ನು ಬರೆಸಿ ಹೊಲಿಸುತ್ತಿದ್ದ ಗಡಿಬಿಡಿಯ ವಿವರವೂ ಇದೆ. ರನ್ನ ‘ಅಜಿತಪುರಾಣ’ ಮುಗಿಸಿದ್ದು 993ರಲ್ಲಿ, ಅದನ್ನು ಬರೆಸಿದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ಕ್ಕೆ ಸಾವಿರ ಪ್ರತಿ ಮಾಡಿಸಿದ್ದೂ ಹೆಚ್ಚುಕಡಿಮೆ ಅದೇ ತಲೆಮಾರಿನಲ್ಲಿ. ಇಲ್ಲಿ ತಾಳೆಗರಿ, ಅಲ್ಲಿ ಬಣ್ಣದ ಕಾಗದ. ಒಟ್ಟು 54 ಅಧ್ಯಾಯ, ಎಪ್ಪತ್ತು ವರ್ಷ ಮೀರಿದ ಕಾಲ, ನಾನೂರರ ಆಸುಪಾಸು ಪಾತ್ರಗಳು, 795 ಕವಿತೆಗಳು. ಕವಿತೆಗಳು ಅಲಂಕಾರಕ್ಕೆ ಇಟ್ಟವಲ್ಲ. ಆ ಅರಮನೆಯಲ್ಲಿ ಗಂಡು ಹೆಣ್ಣು ಮಾತಾಡುವ ಮುಖ್ಯ ದಾರಿಯೇ 31 ಅಕ್ಷರದ ಆ ಪದ್ಯ. ಕಾದಂಬರಿಯಲ್ಲಿ ಪದ್ಯ ಬಂತೆಂದು ಕಣ್ಣು ಹಾರಿಸಿದರೆ ಸಂಭಾಷಣೆಯನ್ನೇ ಹಾರಿಸಿದಂತೆ.

ಈಗ ಕಥೆ. ಗೆಂಜಿ ಚಕ್ರವರ್ತಿಯ ಮಗ, ಆದರೆ ಸಿಂಹಾಸನದ ಸಾಲಿನಿಂದ ಹೊರಗಿಟ್ಟವನು. ಅವನ ಮಗ ಯೂಗಿರಿ ಹುಟ್ಟಿದ ಕೆಲವೇ ದಿನಕ್ಕೆ ತಾಯಿ ಅಓಇ ತೀರಿಕೊಳ್ಳುತ್ತಾಳೆ, ಮಗು ಅಜ್ಜಿ ಓಮಿಯಾಳ ಮಡಿಲು ಸೇರುತ್ತದೆ. ಅಓಇಯ ಒಡಹುಟ್ಟಿದವನು ತೋ ನೊ ಚೂಜೋ. ಅವನ ಮಗಳೊಬ್ಬಳೂ ಇದೇ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಾಳೆ. ಆಟ, ಪಾಠ, ವಾದ್ಯ ಎಲ್ಲ ಒಟ್ಟಿಗೆ. ಹತ್ತು ದಾಟಿದ ಮೇಲೆ ರೂಢಿಯಂತೆ ಇಬ್ಬರಿಗೂ ಬೇರೆ ಬೇರೆ ಕೋಣೆ. ಅಷ್ಟು ಹೊತ್ತಿಗೆ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಒಡನಾಟ ಬೆಳೆದಿದೆ.

ಲೇಖಕಿ ಇಲ್ಲಿ ಎರಡು ಗೂಟ ಹೊಡೆಯುತ್ತಾರೆ. ಮುಂದಿನ ಹನ್ನೆರಡು ಅಧ್ಯಾಯ ಕಥೆ ಆ ಗೂಟಗಳಿಗೇ ಕಟ್ಟಿಕೊಂಡಿರುತ್ತದೆ.

ಮೊದಲನೆಯದು ದರ್ಜೆ. ಗೆಂಜಿಯಂಥ ದೊಡ್ಡವನ ಮಗನಿಗೆ ಪ್ರಾಯಪ್ರವೇಶದ ದಿನ ನಾಲ್ಕನೇ ದರ್ಜೆ ಸಿಗುತ್ತದೆಂದು ಊರೆಲ್ಲ ಎದುರುನೋಡಿರುತ್ತದೆ. ಅಪ್ಪ ಕೊಡಿಸುವುದು ಆರನೇ ದರ್ಜೆ. ಮಗ ಮೊದಲು ವಿದ್ಯಾಲಯಕ್ಕೆ ಹೋಗಿ ಚೀನೀ ಗ್ರಂಥ ಓದಲಿ, ಅಪ್ಪನ ಹೆಸರಿನಿಂದ ಬಂದ ಪದವಿ ಅಪ್ಪ ಹೋದ ದಿನವೇ ಹೋಗುತ್ತದೆ ಅನ್ನುವುದು ಅವನ ಲೆಕ್ಕ. ಅಪ್ಪನಾಗಿ ಯೋಚಿಸಿದರೆ ಸರಿಯೇ. ಆದರೆ ಆರನೇ ದರ್ಜೆಯವರು ಉಡಬೇಕಾದದ್ದು ತಿಳಿ ಹಸಿರು ಅಂಗಿ. ಹುಡುಗ ಎಲ್ಲಿ ಕಾಲಿಟ್ಟರೂ ಅವನಿಗಿಂತ ಮುಂಚೆ ಆ ಬಣ್ಣ ಒಳಗೆ ಹೋಗುತ್ತದೆ.

ಎರಡನೆಯದು ಮಾವನ ಸೋಲು. ತೋ ನೊ ಚೂಜೋ ತನ್ನ ದೊಡ್ಡ ಮಗಳನ್ನು ಚಕ್ರವರ್ತಿನಿ ಮಾಡಲು ಹೊರಟಿದ್ದ. ಆ ಪಟ್ಟ ಗೆಂಜಿ ಸಾಕಿ ಮುಂದೆ ತಂದವಳಿಗೆ ಹೋಯಿತು. ಉಳಿದಿರುವ ಆಸೆಯೆಂದರೆ ಕಿರಿಮಗಳನ್ನು ಯುವರಾಜನಿಗೆ ಕೊಡುವುದು. ಇಂಥ ಹೊತ್ತಿಗೆ, ತಾಯಿಯ ಮನೆಯ ಕತ್ತಲ ಜಗಲಿಯಲ್ಲಿ ಸದ್ದಿಲ್ಲದೆ ಹೊರಟಿದ್ದಾಗ, ಒಳಗಿನ ಹೆಂಗಸರು ಪಿಸುಗುಟ್ಟುವುದು ಅವನ ಕಿವಿಗೆ ಬೀಳುತ್ತದೆ: ಭಾರೀ ಜಾಣ ಅಂದುಕೊಂಡಿದ್ದಾನೆ, ತನ್ನ ಮಗಳ ಮನಸ್ಸು ಎಲ್ಲಿದೆ ಅಂತಲೇ ಗೊತ್ತಿಲ್ಲ. ಅವನು ಮೆಲ್ಲನೆ ಜಾರಿಕೊಳ್ಳುತ್ತಾನೆ. ಹೊರಗೆ ಅವನ ಮುಂದಾಳುಗಳ ಕೂಗು ಕೇಳಿದಾಗಲೇ ಹೆಂಗಸರಿಗೆ ಎದೆ ಧಸಕ್ಕೆನ್ನುತ್ತದೆ. ಪರಿಮಳ ಸುಳಿದು ಹೋದದ್ದು ಅವರಿಗೆ ತಿಳಿದಿತ್ತು. ಚಿಕ್ಕೆಜಮಾನ ಯೂಗಿರಿಯೇ ಇರಬೇಕು ಅಂದುಕೊಂಡಿದ್ದರು. ದೀಪ ಮಂದವಾಗಿರುವ, ಗೋಡೆಗಿಂತ ಪರದೆಯೇ ಹೆಚ್ಚಿರುವ ಮನೆಯಲ್ಲಿ ಬಟ್ಟೆಗೆ ಹಾಕಿದ ಧೂಪದ ವಾಸನೆಯೇ ಮನುಷ್ಯನ ಗುರುತು. ಆ ಗುರುತು ಇಲ್ಲಿ ತಪ್ಪಾಯಿತು.

ಸಿಟ್ಟಿನಿಂದ ತಾಯಿ ಓಮಿಯಾಳ ಮುಂದೆ ಬಂದು ಕೂತ ತೋ ನೊ ಚೂಜೋ ಕೊಡುವ ಕಾರಣವನ್ನು ಕನ್ನಡದ ಓದುಗರು ಎರಡು ಸಲ ಓದುತ್ತಾರೆ. ಇಷ್ಟು ಹತ್ತಿರದ ನೆಂಟಸ್ತಿಕೆಯೊಳಗೆ ಮದುವೆಯಾದರೆ ಜನ ಹಗುರವಾಗಿ ಆಡಿಕೊಳ್ಳುತ್ತಾರೆ, ಹುಡುಗನಿಗೂ ಅದು ಶೋಭೆಯಲ್ಲ ಎನ್ನುತ್ತಾನೆ. ನಮ್ಮಲ್ಲಿ ಮೊದಲ ಹಕ್ಕು ಅನ್ನಿಸಿಕೊಳ್ಳುವ ಸಂಬಂಧ ಅಲ್ಲಿ ಸಪ್ಪೆ ಸಂಬಂಧ. ನಿಷಿದ್ಧವೇನಲ್ಲ, ಮೆರೆಯಲು ಬರುವುದಿಲ್ಲ ಅಷ್ಟೇ. ಅಜ್ಜಿಗೆ ಇಬ್ಬರೂ ಮೊಮ್ಮಕ್ಕಳೇ. ಒಳಗೊಳಗೆ ಆಕೆ ಹುಡುಗನ ಪರವೇ.

ಇಲ್ಲಿಂದ ಬಾಗಿಲಿನ ದೃಶ್ಯಕ್ಕೆ ಬರಬೇಕು. ನನ್ನ ಲೆಕ್ಕದಲ್ಲಿ ಇಡೀ ಎಳೆಗೆ ಇದೇ ಕೀಲಿ. ಅಪ್ಪ ಮಗಳನ್ನು ಕರೆದೊಯ್ಯುವ ಮಾತಾಡಿದ್ದಾನೆ. ರಾತ್ರಿ ಯೂಗಿರಿ ಎಂದಿನಂತೆ ಅವಳ ಕೋಣೆಯ ಸರಿಯುವ ಬಾಗಿಲನ್ನು ಎಳೆದು ನೋಡುತ್ತಾನೆ. ಯಾವತ್ತೂ ಹಾಕದ ಅಗಳಿ ಅವತ್ತು ಬಿದ್ದಿದೆ. ಅದಕ್ಕೇ ಒರಗಿ ಕೂರುತ್ತಾನೆ. ಒಳಗೆ ಅವಳಿಗೂ ಎಚ್ಚರ. ಗಾಳಿಗೆ ಬಿದಿರೆಲೆ ಸರಸರ ಅನ್ನುತ್ತದೆ, ಮೇಲೆ ಹೆಬ್ಬಾತುಗಳು ಕೂಗುತ್ತಾ ಹೋಗುತ್ತವೆ. ಮುಗಿಲಿನ ಹೆಬ್ಬಾತಿಗೂ ನನ್ನಂತೆಯೇ ಸಂಕಟವೇ ಎಂಬ ಹಳೆಯ ಪದ್ಯದ ಸಾಲನ್ನು ಅವಳು ತನ್ನಷ್ಟಕ್ಕೆ ಗೊಣಗುತ್ತಾಳೆ. ಹೊರಗೆ ಅವನಿಗೆ ಕೇಳಿಸುತ್ತದೆ. ಬಾಗಿಲು ತೆಗಿ, ಕೊಜಿಜು ಇದ್ದಾಳಾ ಎಂದು ದಾದಿಯ ಮಗಳನ್ನು ಕರೆಯುತ್ತಾನೆ. ಸದ್ದಿಲ್ಲ. ತಾನು ಗೊಣಗಿದ್ದು ಕೇಳಿಸಿತಲ್ಲ ಎಂದು ಅವಳು ನಾಚಿ ಮುಸುಕೆಳೆದುಕೊಳ್ಳುತ್ತಾಳೆ. ಪಕ್ಕದಲ್ಲೇ ದಾದಿಯರು ಮಲಗಿದ್ದಾರೆ, ಇಬ್ಬರೂ ಮಿಸುಕುವಂತಿಲ್ಲ. ಅಷ್ಟೇ ದೃಶ್ಯ. ಏನೂ ನಡೆಯುವುದಿಲ್ಲ. ಕುಮೊಇ ನೊ ಕಾರಿ ಅಂದರೆ ‘ಮುಗಿಲಿನ ಹೆಬ್ಬಾತು’; ಅವಳ ಹೆಸರು ಕಾದಂಬರಿಯಲ್ಲಿ ಎಲ್ಲೂ ಇಲ್ಲದ್ದರಿಂದ ಓದುಗರು ತಲೆತಲಾಂತರದಿಂದ ಈ ಗೊಣಗಾಟವನ್ನೇ ಹೆಸರಾಗಿ ಕರೆಯುತ್ತ ಬಂದಿದ್ದಾರೆ.

ಅವಳನ್ನು ಕರೆದೊಯ್ಯುವ ಮುನ್ನ ಇಬ್ಬರಿಗೂ ಒಂದು ಗಳಿಗೆ ಭೇಟಿ ಸಿಗುತ್ತದೆ. ಆಗ ಪರದೆಯ ಆಚೆಯಿಂದ ಅವಳ ದಾದಿ ತಾಯೂ ಗೊಣಗುವುದು ಕೇಳುತ್ತದೆ: ಎಷ್ಟು ದೊಡ್ಡವರ ಮಗನಾದರೇನು, ಮೊದಲ ಸಂಬಂಧವೇ ಆರನೇ ದರ್ಜೆಯವನದಾ! ಹುಡುಗ ಆಗಿಂದಾಗಲೇ ಒಂದು ಪದ್ಯ ಹೇಳುತ್ತಾನೆ. ರಕ್ತದಂಥ ಕಣ್ಣೀರಿನಲ್ಲಿ ನೆನೆದ ತೋಳನ್ನು ತಿಳಿ ಹಸಿರು ಎಂದು ಹೀಗಳೆಯಬಹುದೇ ಎಂಬುದು ಅದರ ತಾತ್ಪರ್ಯ. ದಾದಿಯ ಆ ಮಾತನ್ನು ನೆನಪಿಟ್ಟುಕೊಳ್ಳಿ. ಲೇಖಕಿ ಹನ್ನೆರಡು ಅಧ್ಯಾಯ ನೆನಪಿಟ್ಟುಕೊಳ್ಳುತ್ತಾರೆ.

ಅರಮನೆ ಪ್ರಣಯವೆಂದು ಮಾರುವ ಇವತ್ತಿನ ಎಷ್ಟೋ ಕಾದಂಬರಿಗಳು ಸೋಲುವುದು ಇಲ್ಲೇ. ಅವುಗಳಲ್ಲಿ ಪ್ರೇಮಿಗಳನ್ನು ದೂರ ಇಡುವುದು ಒಂದು ತಪ್ಪು ತಿಳಿವಳಿಕೆ. ಇಬ್ಬರೂ ಐದು ನಿಮಿಷ ಕೂತು ಮಾತಾಡಿದರೆ ಬಗೆಹರಿಯುವಂಥದ್ದು. ಮಾತಾಡಬಾರದೆಂದು ಲೇಖಕರೇ ಹಟ ಹಿಡಿದಿರುತ್ತಾರೆ. ಅಥವಾ ಒಬ್ಬ ದುಷ್ಟ ಚಿಕ್ಕಪ್ಪ, ಒಬ್ಬ ಹೊಟ್ಟೆಕಿಚ್ಚಿನ ಸವತಿ. ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಬಹುದು. ಅದೇ ಜೋಡಿಯನ್ನು ಅರಮನೆಯಿಂದ ಎತ್ತಿ ಇವತ್ತಿನ ಅಪಾರ್ಟ್‌ಮೆಂಟಿನಲ್ಲಿ ಕೂರಿಸಿ ನೋಡಿ. ಕಥೆ ಅಷ್ಟೇ ಸಲೀಸಾಗಿ ಸಾಗಿದರೆ ಅಲ್ಲಿ ಅರಮನೆ ಬರೀ ಪರದೆಯ ಚಿತ್ರ. ಯೂಗಿರಿಯನ್ನು ಎತ್ತಿ ಕೂರಿಸಿದರೆ ಕಥೆಯೇ ಉಳಿಯುವುದಿಲ್ಲ: ದರ್ಜೆ ಇಲ್ಲ, ಹಸಿರು ಅಂಗಿ ಇಲ್ಲ, ಯುವರಾಜನಿಲ್ಲ, ಮಾವನಿಗೆ ಸಿಟ್ಟಿಗೆ ಕಾರಣವೂ ಇಲ್ಲ.

ಇನ್ನೊಂದು ಪರೀಕ್ಷೆ ಕಾಗದದ್ದು. 28ನೇ ಅಧ್ಯಾಯದಲ್ಲಿ ಬಿರುಗಾಳಿ ಬಡಿದ ಮರುದಿನ ಯೂಗಿರಿ ತಂಗಿಯ ಮನೆಯಲ್ಲಿ ಕಾಗದ, ಶಾಯಿಕಲ್ಲು ಕೇಳಿ ಪಡೆದು ಕುಮೊಇ ನೊ ಕಾರಿಗೆ ಪತ್ರ ಬರೆಯುತ್ತಾನೆ. ಕಾಗದ ನೇರಳೆ ಬಣ್ಣದ ತೆಳು ಹಾಳೆ. ಶಾಯಿಯನ್ನು ಎಚ್ಚರದಿಂದ ತೇಯ್ದು, ಕುಂಚದ ತುದಿಯನ್ನು ನೋಡಿ ನೋಡಿ, ತಡೆದು ತಡೆದು ಬರೆದದ್ದು. ಮಡಚಿ, ಗಾಳಿಗೆ ಚೆದುರಿದ ಒಂದು ಹುಲ್ಲಿನ ಗರಿಗೆ ಕಟ್ಟುತ್ತಾನೆ. ಅಲ್ಲಿನ ಹೆಂಗಸರು ಬಿಡುತ್ತಾರೆಯೇ? ಕಥೆಗಳಲ್ಲಿ ಬರುವ ರಸಿಕರು ಕಾಗದದ ಬಣ್ಣಕ್ಕೆ ಹೊಂದುವ ರೆಂಬೆ ಆರಿಸುತ್ತಿದ್ದರು ಎಂದು ಛೇಡಿಸುತ್ತಾರೆ. ಅಷ್ಟೆಲ್ಲ ಬಣ್ಣ ನನಗೆ ಹೊಳೆಯಲಿಲ್ಲ ಎನ್ನುತ್ತಾನೆ ಹುಡುಗ. ಗೆಂಜಿಯ ಮಗ ಗೆಂಜಿಯಲ್ಲ ಅನ್ನುವುದನ್ನು ಒಂದು ಹುಲ್ಲಿನಲ್ಲಿ ಹೇಳಿ ಮುಗಿಸಿದ್ದಾರೆ. ಒಂದು ಪತ್ರಕ್ಕೆ ಐದು ಭಾಗ: ಕಾಗದ, ಕೈಬರಹ, ಪದ್ಯ, ಪರಿಮಳ, ಕಟ್ಟುವ ರೆಂಬೆ. ಆರನೆಯದೂ ಒಂದಿದೆ, ತಲುಪಿಸುವ ಆಳು. ಇವುಗಳಲ್ಲಿ ಯಾವುದು ಏರುಪೇರಾದರೂ ಓದಿದವರಿಗೆ ಅರ್ಥವಾಗುತ್ತದೆ. ಕಥೆಯ ರಾಜಕುಮಾರಿ ಬರೀ ‘ಪತ್ರ ಬರೆದಳು’ ಅಂದರೆ, ಬರೆದವರಿಗೆ ಆ ಅರಮನೆ ಗೊತ್ತಿಲ್ಲ ಅನ್ನಿ.

ಅಧ್ಯಾಯ 32ರ ಹೊತ್ತಿಗೆ ತಕ್ಕಡಿ ವಾಲಿದೆ. ಯೂಗಿರಿ ಮೇಲೇರುತ್ತಿದ್ದಾನೆ, ಬೇರೆ ಕಡೆಯಿಂದ ಸಂಬಂಧ ಬರುತ್ತಿದೆ ಎಂಬ ಸುದ್ದಿ ಹಬ್ಬುತ್ತದೆ, ಈಗ ಒಳಗೊಳಗೆ ಬೇಯುವ ಸರದಿ ಮಾವನದು. ಆದರೆ ಬೇಡವೆಂದವನು ತಾನೇ ಹೋಗಿ ಹೇಗೆ ಕೇಳುತ್ತಾನೆ? ಹುಡುಗನೂ ಬಾಯಿ ಬಿಡುವುದಿಲ್ಲ. ಹಸಿರು ಅಂಗಿಯ ಮಾತು ಅವನಿಗೆ ಮರೆತಿಲ್ಲ. ಆರು ವರ್ಷದ ಕೊನೆಯ ಭಾಗ ಹೀಗೆ ಇಬ್ಬರು ಗಂಡಸರ ಬಿಂಕದಲ್ಲೇ ಕಳೆಯುತ್ತದೆ. ಹೆಣ್ಣಿನ ಮನಸ್ಸು ಅಧ್ಯಾಯ 21ರಲ್ಲಿ ಇದ್ದಲ್ಲೇ ಇದೆ.

ಅಧ್ಯಾಯ 33. ಅಜ್ಜಿ ತೀರಿಕೊಂಡಿದ್ದಾಳೆ. ಅವಳ ತಿಥಿಗೆ ಎಲ್ಲರೂ ದೇವಾಲಯದಲ್ಲಿ ಸೇರಿದಾಗ ಮಾವ ಅಳಿಯನ ತೋಳು ಜಗ್ಗಿ, ಯಾಕಪ್ಪಾ ನನ್ನ ಮೇಲೆ ಇಷ್ಟು ಮುನಿಸು ಎನ್ನುತ್ತಾನೆ. ಸಿಟ್ಟು ಹೊತ್ತವನು ಮಾವ, ಮುನಿಸಿನ ಆಪಾದನೆ ಅಳಿಯನ ಮೇಲೆ. ಕೆಲವು ದಿನ ಕಳೆದು ಮಾವನ ಅಂಗಳದಲ್ಲಿ ಫುಜಿ ಬಳ್ಳಿ ನೇರಳೆ ಗೊಂಚಲು ಬಿಡುತ್ತದೆ. ಹೂ ನೋಡಲು ಬಾ ಎಂದು ಒಂದು ಗೊಂಚಲಿನ ಜೊತೆ ಪದ್ಯ ಬರೆದು ತನ್ನ ಮಗನ ಕೈಲೇ ಕಳಿಸುತ್ತಾನೆ. ಯೂಗಿರಿ ಅಪ್ಪನಿಗೆ ಪತ್ರ ತೋರಿಸುತ್ತಾನೆ. ಗೆಂಜಿ ಮಗನ ಉಡುಪನ್ನು ಮೇಲಿಂದ ಕೆಳಗೆ ನೋಡಿ, ಈ ಬಣ್ಣ ಇನ್ನೂ ಪದವಿಗೆ ಬಾರದ ಹುಡುಗರಿಗೆ ಸರಿ, ನಿನಗೆ ಹಗುರವಾಯಿತು ಎಂದು ತನ್ನದೇ ಒಳ್ಳೆಯ ಅಂಗಿ ಕೊಡಿಸುತ್ತಾನೆ. ಆರು ವರ್ಷದ ಹಿಂದೆ ಮಗನಿಗೆ ತಿಳಿ ಹಸಿರು ತೊಡಿಸಿದವನೂ ಇವನೇ. ಆ ಮಾತನ್ನು ಲೇಖಕಿ ಎಲ್ಲೂ ಎತ್ತಿ ಆಡುವುದಿಲ್ಲ. ಅಂಗಿ ಕೊಡಿಸಿ ಸುಮ್ಮನಾಗುತ್ತಾರೆ.

ಮಾವನ ಮನೆಯಲ್ಲಿ ಪಾನ, ಪದ್ಯ, ಹಾಡು. ಮಾವ ಕುಡಿದವನಂತೆ ನಟಿಸುತ್ತಾ ಅಳಿಯನಿಗೆ ಸುರಿಸುತ್ತಾನೆ, ಬಳ್ಳಿಯ ಹೆಸರಿರುವ ಹಳೆಯ ಹಾಡಿನ ಸಾಲನ್ನು ಗುನುಗಿ ಒಪ್ಪಿಗೆ ಸೂಚಿಸುತ್ತಾನೆ. ಹೊತ್ತು ಮೀರಿದ ಮೇಲೆ ಅಳಿಯನೂ ತೂರಾಡಿದಂತೆ ಮಾಡಿ, ಮನೆಗೆ ಹೋಗುವ ಸ್ಥಿತಿಯಲ್ಲಿಲ್ಲ, ಮಲಗಲು ಜಾಗ ಕೊಡು ಎಂದು ಮಾವನ ಮಗನನ್ನು ಕೇಳುತ್ತಾನೆ. ಇಬ್ಬರ ನಟನೆಯೂ ಇಬ್ಬರಿಗೂ ಗೊತ್ತು. ‘ಮಗಳನ್ನು ಕೊಡುತ್ತೇನೆ’, ‘ಮಾಡಿಕೊಳ್ಳುತ್ತೇನೆ’ ಎಂಬ ಮಾತು ಯಾರ ಬಾಯಿಂದಲೂ ಹೊರಡದೆ ಮದುವೆ ಆಗಿಹೋಗುತ್ತದೆ. ಮರುದಿನ ಅಳಿಯ ಬೆಳಕು ಹರಿದರೂ ಎದ್ದಿಲ್ಲವೆಂದು ಕೇಳಿ, ಏನು ಠೀವಿಯ ನಿದ್ದೆಯಪ್ಪಾ ಎಂದು ಮಾವ ಗೊಣಗುತ್ತಾನೆ. ಆರು ವರ್ಷ ಕಾಯಿಸಿದವನ ಬಾಯಲ್ಲಿ ಈ ಮಾತು ಕೇಳಿ ನಗದಿದ್ದರೆ ಆ ಅನುವಾದ ವಾಪಸ್ ಕೊಡಿ.

ದಾದಿಯ ಲೆಕ್ಕ ಇನ್ನೂ ಬಾಕಿ ಇತ್ತಲ್ಲ. ಅದೇ ಶರತ್ಕಾಲ ಯೂಗಿರಿಗೆ ಬಡ್ತಿ. ಬಣ್ಣ ತಿರುಗಿದ ಒಂದು ಸೇವಂತಿಗೆಯನ್ನು ಆ ದಾದಿಗೆ ಕೊಟ್ಟು, ತಿಳಿ ಹಸಿರಿನ ಈ ಎಳೆಗಿಡ ಗಾಢ ನೇರಳೆಗೆ ತಿರುಗೀತೆಂದು ಕನಸಿನಲ್ಲಾದರೂ ಅಂದುಕೊಂಡಿದ್ದೆಯಾ ಎಂಬ ಅರ್ಥದ ಪದ್ಯ ಹೇಳುತ್ತಾನೆ. ನೇರಳೆ ಮೇಲಿನ ದರ್ಜೆಯ ಬಣ್ಣ. ದಾದಿ ನಾಚಿ ಏನೋ ಒಂದು ಉತ್ತರ ಹೊಂದಿಸುತ್ತಾಳೆ. ಗಂಡಹೆಂಡಿರು ಅಜ್ಜಿಯ ಹಳೆಯ ಮನೆಯನ್ನೇ ದುರಸ್ತಿ ಮಾಡಿಸಿ ಅಲ್ಲೇ ಸಂಸಾರ ಹೂಡುತ್ತಾರೆ.

ಈಗ ಕೊಳ್ಳುವ ಮಾತು. ಮೇಲೆ ಹೇಳಿದ ಸುಖವೆಲ್ಲ ಬಣ್ಣ, ದರ್ಜೆ, ಪದ್ಯ ಈ ಮೂರರಲ್ಲಿದೆ. ಅವುಗಳನ್ನು ಉಳಿಸಿಕೊಡುವ ಅನುವಾದವೇ ಬೇಕು.

ಮೊದಲ ಆಯ್ಕೆ ರಾಯಲ್ ಟೈಲರ್ ಅವರದು, 2001ರದ್ದು. ಪ್ರತಿ ಅಧ್ಯಾಯದ ತಲೆಗೆ ಶೀರ್ಷಿಕೆಯ ಅರ್ಥ, ಹಿಂದಿನ ಅಧ್ಯಾಯಗಳ ಜೊತೆಗಿನ ಕಾಲಸಂಬಂಧ, ಪಾತ್ರಗಳ ಪಟ್ಟಿ, ಪಕ್ಕದಲ್ಲಿ ದರ್ಜೆ ಮತ್ತು ವಯಸ್ಸು. ಅಡಿಟಿಪ್ಪಣಿ ಅದೇ ಪುಟದ ಅಡಿಯಲ್ಲಿ. ಕೊನೆಯಲ್ಲಿ ಪದವಿಗಳು, ಉಡುಪು ಮತ್ತು ಬಣ್ಣಗಳ ವಿವರ, ಕಾಲಾನುಕ್ರಮ. ನಡುನಡುವೆ ಪರದೆ, ಗಾಡಿ, ಜಗಲಿ ಹೇಗಿದ್ದವೆಂದು ತೋರಿಸುವ ರೇಖಾಚಿತ್ರಗಳು. ಪದ್ಯಗಳು 31 ಅಕ್ಷರದ ಅಳತೆಯಲ್ಲೇ ಬರುತ್ತವೆ. ತೊಂದರೆ ಒಂದು, ಅದೂ ಸಣ್ಣದಲ್ಲ: ಮೂಲದಂತೆಯೇ ಇಲ್ಲೂ ಜನರನ್ನು ಕರೆಯುವುದು ಪದವಿಯಿಂದ. ಬಡ್ತಿಯಾದಾಗ ಕರೆಯುವ ಹೆಸರೂ ಬದಲು. ಯೂಗಿರಿ ಒಂದು ಕಡೆ ಕಾವಲುಪಡೆಯ ಅಧಿಕಾರಿ, ಇನ್ನೊಂದು ಕಡೆ ಸಲಹೆಗಾರ. ಮಾವನದೂ ಅದೇ ಪಾಡು. ತಹಶೀಲ್ದಾರರು, ಏಸಿ ಸಾಹೇಬರು, ಡೀಸಿ ಸಾಹೇಬರು ಎಂದೇ ಒಬ್ಬರ ಇಡೀ ಜೀವನಚರಿತ್ರೆ ಬರೆದಂತೆ. ಪ್ರತಿ ಅಧ್ಯಾಯದ ಪಟ್ಟಿಯನ್ನು ಫೋನಿನಲ್ಲಿ ಚಿತ್ರ ತೆಗೆದು ಪಕ್ಕಕ್ಕಿಟ್ಟುಕೊಂಡರೆ ಅರ್ಧ ಕಷ್ಟ ಕಳೆಯಿತು. ಇನ್ನೊಂದು ಮಾತು: ಸಾವಿರ ಪುಟ ಮೀರಿದ ಒಂದೇ ಹೊತ್ತಿಗೆ, ಮಲಗಿಕೊಂಡು ಓದಲು ಕೈ ಸೋಲುತ್ತದೆ. ಇ-ಬುಕ್ ಹಗುರ, ಆದರೆ ಚಿಕ್ಕ ಪರದೆಯಲ್ಲಿ ಟಿಪ್ಪಣಿಗೆ ಹೋಗಿ ಬರುವಷ್ಟರಲ್ಲಿ ದೃಶ್ಯದ ಕಾವು ಆರುತ್ತದೆ. ಟ್ಯಾಬ್ಲೆಟ್ ಇದ್ದರೆ ಮಾತ್ರ ಅದನ್ನು ಕೊಳ್ಳಿ.

ಹೆಸರಿನ ಗೋಜಲೇ ಬೇಡ ಅನ್ನುವವರಿಗೆ ಎಡ್ವರ್ಡ್ ಸೈಡನ್‌ಸ್ಟಿಕರ್, 1976. ಯೂಗಿರಿ ಕೊನೆಯವರೆಗೂ ಯೂಗಿರಿಯೇ. ವಾಕ್ಯಗಳು ಚಿಕ್ಕವು, ಓಟ ಚುರುಕು, ಟಿಪ್ಪಣಿ ಕಮ್ಮಿ. ಕಳೆದುಕೊಳ್ಳುವುದು ಏನೆಂದರೆ, ಹೆಸರು ಸ್ಥಿರವಾದಾಗ ದರ್ಜೆ ಏರಿದ ಸದ್ದು ಕಿವಿಗೆ ಬೀಳುವುದಿಲ್ಲ. ಮೊದಲ ಸಲಕ್ಕೆ ಇದು, ಎರಡನೇ ಸಲಕ್ಕೆ ಟೈಲರ್ ಅಂದರೂ ತಪ್ಪಿಲ್ಲ. ಆದರೆ ಇಲ್ಲೇ ಹೊಂಡವೂ ಇದೆ. ಸೈಡನ್‌ಸ್ಟಿಕರ್ ಅನುವಾದದ ಒಂದು ಸಂಕ್ಷಿಪ್ತ ಆವೃತ್ತಿ ಮಾರುಕಟ್ಟೆಯಲ್ಲಿದೆ. ಅದರಲ್ಲಿರುವುದು ಮೊದಲ 17 ಅಧ್ಯಾಯಗಳಿಂದ ಆರಿಸಿದ 12 ಮಾತ್ರ. ಅಂದರೆ ಯೂಗಿರಿಯ ಪ್ರಣಯ ಒಂದು ಸಾಲೂ ಇಲ್ಲ.

ಆರ್ಥರ್ ವೇಲಿ 1925ರಿಂದ 1933ರವರೆಗೆ ಆರು ಸಂಪುಟಗಳಲ್ಲಿ ಮಾಡಿದ್ದು ಮೊದಲ ದೊಡ್ಡ ಅನುವಾದ. ಇಂಗ್ಲಿಷ್ ಸೊಗಸಾಗಿದೆ. ಆದರೆ ಪದ್ಯಗಳನ್ನು ಗದ್ಯದ ಮಾತಿನೊಳಗೆ ಕರಗಿಸಿಬಿಟ್ಟಿದ್ದಾರೆ, 38ನೇ ಅಧ್ಯಾಯವನ್ನು ಬಿಟ್ಟಿದ್ದಾರೆ. ಪದ್ಯ ಪದ್ಯವಾಗಿ ಕಾಣದಿದ್ದರೆ ಯಾರು ಯಾವಾಗ ಮಾತು ಬಿಟ್ಟು ಪದ್ಯಕ್ಕೆ ಹೊರಳಿದರು ಅನ್ನುವುದು ತಿಳಿಯದು, ಮತ್ತು ಪ್ರಣಯದ ಹೆಜ್ಜೆಗಳೆಲ್ಲ ಇರುವುದು ಆ ಹೊರಳಿನಲ್ಲೇ. ವೇಲಿಯವರ ಮೊದಲ ಸಂಪುಟದಲ್ಲಿ 9 ಅಧ್ಯಾಯ ಮಾತ್ರ ಇವೆ. ಅದೊಂದೇ ‘ಗೆಂಜಿ’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೆ ಹುಡುಗ ಹುಟ್ಟುವಲ್ಲಿಗೆ ಪುಸ್ತಕ ಮುಗಿಯುತ್ತದೆ. ಡೆನಿಸ್ ವಾಶ್‌ಬರ್ನ್ ಅವರದು 2015ರದ್ದು, ವಿವರಣೆಯನ್ನು ವಾಕ್ಯದೊಳಗೇ ಬೆರೆಸಿ ಕೊಡುತ್ತಾರೆ. ಟಿಪ್ಪಣಿ ನೋಡುವ ಶ್ರಮ ಉಳಿಯುತ್ತದೆ ನಿಜ, ಆದರೆ ಮೂಲ ಸುಮ್ಮನಿರುವ ಕಡೆ ಇದು ಮಾತಾಡುತ್ತದೆ. ಈ ಕಥೆಗೆ ಅದು ಹೊಂದುವುದಿಲ್ಲ ಅನ್ನಿಸುತ್ತದೆ.

ಯಾವುದನ್ನೇ ಕೊಳ್ಳಿ, ಪರಿವಿಡಿಯಲ್ಲಿ 54 ಅಧ್ಯಾಯ (ವೇಲಿಯವರದಾದರೆ 53) ಇವೆಯೇ ಎಂದು ಎಣಿಸಿಕೊಳ್ಳಿ.

ಓದುವ ಕ್ರಮ. ಒಂದರಿಂದ ಶುರು ಮಾಡಿ ಸಾಲಾಗಿ ಓದುವವರು ಹೆಚ್ಚಾಗಿ ಕೈಬಿಡುವುದು ಗೆಂಜಿ ರಾಜಧಾನಿ ಬಿಟ್ಟು ಸುಮಾ ಕಡಲತೀರಕ್ಕೆ ಹೋಗುವ 12ನೇ ಅಧ್ಯಾಯದಲ್ಲಿ. ಜಪಾನೀಯರಲ್ಲೇ ಇದಕ್ಕೊಂದು ತಮಾಷೆಯ ಮಾತಿದೆ, ‘ಸುಮಾದಿಂದ ವಾಪಸ್’ ಅಂತ. ಪ್ರಣಯಕ್ಕಾಗಿ ಬಂದವರು 1, 5, 9 ಓದಿ ನೇರವಾಗಿ 21ಕ್ಕೆ ಹೋಗಬಹುದು. ಒಂದರಲ್ಲಿ ಗೆಂಜಿಯ ಹುಟ್ಟು, ಒಂಬತ್ತರಲ್ಲಿ ಯೂಗಿರಿಯದು. ಆಮೇಲೆ 28, 32, 33. ಒಟ್ಟು ಏಳು ಅಧ್ಯಾಯ. 22ರಿಂದ 31ರವರೆಗಿನ ಹತ್ತು ಬೇರೊಬ್ಬಳ ಕಥೆ. ಚೆನ್ನಾಗಿದೆ, ಆದರೆ ಮೊದಲ ಓದಿಗೆ 28 ಒಂದೇ ಸಾಕು. ದಿನಕ್ಕೊಂದು ಅಧ್ಯಾಯಕ್ಕಿಂತ ಹೆಚ್ಚು ಓದಬೇಡಿ. ವೇಗವಾಗಿ ಓದಿದರೆ ಇದರಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ.

ಐದನೆಯದನ್ನು ಯಾಕೆ ಸೇರಿಸಿದೆನೆಂದರೆ, ಎಚ್ಚರಿಕೆಗೆ. ಗೆಂಜಿ ಇನ್ನೂ ಹತ್ತರ ಆಸುಪಾಸಿನ ಹುಡುಗಿಯೊಬ್ಬಳನ್ನು ತನ್ನ ಮನೆಗೆ ಎತ್ತಿಕೊಂಡು ಹೋಗಿ ಬೆಳೆಸುವ ಕಥೆ ಅಲ್ಲಿ ಶುರುವಾಗುತ್ತದೆ. ಇವತ್ತು ಅದನ್ನು ಪ್ರಣಯವೆಂದು ಓದಲಾಗದು, ಓದಬೇಕಾಗಿಯೂ ಇಲ್ಲ. ಮೊದಲ ಅಧ್ಯಾಯಗಳಲ್ಲಿ ಹೆಣ್ಣಿನ ಒಪ್ಪಿಗೆ ಕೇಳದೆ ಒಳನುಗ್ಗುವ ಸನ್ನಿವೇಶಗಳೂ ಇವೆ. ಆ ನೆಲೆಯಲ್ಲಿಟ್ಟು ನೋಡಿದಾಗಲೇ ಅಗಳಿ ಬಿದ್ದ ಬಾಗಿಲಿಗೆ ಒರಗಿ ಕೂತು, ಒದೆಯದೆ ಎದ್ದುಹೋದ ಮಗ ಅಪ್ಪನಿಂದ ಎಷ್ಟು ಬೇರೆ ಎಂದು ತಿಳಿಯುವುದು.

ಮದುವೆಯಾದ ಮೇಲೂ ಓದುವ ಧೈರ್ಯವಿದ್ದರೆ 39ಕ್ಕೆ ಹೋಗಿ. ಹತ್ತು ವರ್ಷ ಕಳೆದಿದೆ, ಮನೆ ತುಂಬಾ ಮಕ್ಕಳು. ಅದೇ ಯೂಗಿರಿ ಈಗ ಒಬ್ಬ ವಿಧವೆ ರಾಜಕುಮಾರಿಯ ಬೆನ್ನು ಬಿದ್ದಿದ್ದಾನೆ. ಒಂದು ರಾತ್ರಿ ಆ ಮನೆಯಿಂದ ಬಂದ ಪತ್ರವನ್ನು ದೀಪದ ಹತ್ತಿರ ಹಿಡಿದು ಓದುತ್ತಿರುವಾಗ ಕುಮೊಇ ನೊ ಕಾರಿ ಹಿಂದಿನಿಂದ ಬಂದು ಕಿತ್ತುಕೊಳ್ಳುತ್ತಾಳೆ. ಹನ್ನೆರಡನೇ ಶತಮಾನದ ಗೆಂಜಿ ಚಿತ್ರಸುರುಳಿಯಲ್ಲಿ ಈ ದೃಶ್ಯ ಉಳಿದುಬಂದಿದೆ, ಚಾಚಿದ ಅವಳ ಕೈ ಸಮೇತ. ಪತ್ರ ಅವನಿಗೆ ಸಿಗುವುದು ಮರುದಿನ, ಕೂರುವ ಹಾಸಿನ ಅಂಚಿನಡಿ. ಬರೆದವಳು ರಾಜಕುಮಾರಿಯ ತಾಯಿ, ಕಾಯಿಲೆ ಮಲಗಿದವಳು. ಉತ್ತರ ಬಾರದ ಅವಮಾನದಲ್ಲಿ ತೀರಿಕೊಳ್ಳುತ್ತಾಳೆ. ಪತ್ರ ಒಂದು ದಿನ ತಡವಾದದ್ದಕ್ಕೆ ಒಂದು ಜೀವ. ಹೆಂಡತಿ ಕೆಲವು ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟುಬಿಡುತ್ತಾಳೆ, ಮತ್ತೆ ಅದೇ ಅಪ್ಪನ ಮನೆಗೆ. 42ನೇ ಅಧ್ಯಾಯದ ಹೊತ್ತಿಗೆ ಯೂಗಿರಿ ತಿಂಗಳಲ್ಲಿ ಹದಿನೈದು ರಾತ್ರಿ ಇಲ್ಲಿ, ಹದಿನೈದು ಅಲ್ಲಿ ಎಂದು ಕಟ್ಟುನಿಟ್ಟಾಗಿ ಹಂಚಿಕೊಂಡಿದ್ದಾನೆ. ವಿದ್ಯಾಲಯದಲ್ಲಿ ಓದಿದವನಲ್ಲವೇ, ಲೆಕ್ಕ ಪಕ್ಕಾ.

ಕೊನೆಯ ಹತ್ತು ಅಧ್ಯಾಯ, 45ರಿಂದ 54, ಉಜಿ ಎಂಬ ನದೀತೀರದಲ್ಲಿ ಮುಂದಿನ ತಲೆಮಾರಿನ ಕಥೆ. ಇದು ಇನ್ನೂ ಸಣ್ಣ ಉರಿ: ಕಓರು ಎಂಬವನು ಮಂಜಿನ ರಾತ್ರಿ ಬೇಲಿಯ ಸಂದಿನಿಂದ ವಾದ್ಯ ನುಡಿಸುವ ಅಕ್ಕತಂಗಿಯರನ್ನು ನೋಡುತ್ತಾನೆ, ಅಕ್ಕನ ಹತ್ತಿರ ರಾತ್ರಿಯಿಡೀ ಮಾತಾಡುತ್ತಾನೆ, ಅವಳು ಒಲ್ಲೆ ಅನ್ನುತ್ತಲೇ 47ನೇ ಅಧ್ಯಾಯದಲ್ಲಿ ಸಾಯುತ್ತಾಳೆ. ಸುಖಾಂತ ಬೇಕೆನ್ನುವವರು 33ಕ್ಕೇ ಪುಸ್ತಕ ಮುಚ್ಚುವುದು ಒಳ್ಳೆಯದು.

ಪೂರ್ತಿ ಓದುವವರಿಗೆ ಎರಡು ಸೂಚನೆ. 41 ಮತ್ತು 42ರ ನಡುವೆ ಎಂಟು ವರ್ಷ ಇಲ್ಲ, ಗೆಂಜಿಯ ಸಾವಿನ ಅಧ್ಯಾಯವೂ ಇಲ್ಲ. ಆ ಜಾಗಕ್ಕೆ ಹಳೆಯ ಪಟ್ಟಿಗಳಲ್ಲಿ ‘ಮುಗಿಲಲ್ಲಿ ಮರೆ’ ಎಂಬ ಶೀರ್ಷಿಕೆ ಮಾತ್ರ ಸಿಗುತ್ತದೆ, ಪಠ್ಯವಿಲ್ಲ. 54ನೇ ಅಧ್ಯಾಯ ನಿಲ್ಲುವುದೂ ನಡುದಾರಿಯಲ್ಲೇ: ತನಗೆ ಸಿಗದ ಇನ್ನೊಬ್ಬ ಹೆಣ್ಣನ್ನು ಬೇರೆ ಯಾರಾದರೂ ಬಚ್ಚಿಟ್ಟಿರಬಹುದೇ ಎಂದು ಕಓರು ಅನುಮಾನ ಪಡುವಲ್ಲಿಗೆ ಮಾತು ನಿಂತುಬಿಡುತ್ತದೆ. ಮುಂದಿನ ಹಾಳೆ ಹುಡುಕಬೇಡಿ, ನಿಮ್ಮ ಪ್ರತಿಯಲ್ಲಿ ಪುಟ ಹರಿದಿಲ್ಲ.